ಗುರುವಾರ ತೆಗೆಸದ ಚಿತ್ರ

ಹೆಂಡತಿಯ ಹೊಟ್ಟೆಯೊಳಗಿನ ಚಿತ್ರ ತೆಗೆದು, ಅದನ್ನು ಬೆಳಕಿಗೆ ಹಿಡಿದು ನೋಡಿ, "ಖಾತ್ರಿ ಹೇಳಲಾಗದು, ಅನುಮಾನವಿದೆ" ಅಂದ ಡಾಕ್ಟರನ ಮೇಲೆ ವಾಡಿಯ ಮಾಣಿಕಪ್ಪನಿಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಆ ಡಾಕ್ಟರನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಮುಖವೂ ಅರ್ಧ ಮರೆತುಹೋಗಿದೆ. ದಪ್ಪ ಕನ್ನಡಕ ಇತ್ತು, ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿದ್ದ, ಇಷ್ಟೇ ನೆನಪು. ಆದರೂ ಸ್ಟೇಷನ್ ಹೊರಗಿನ ಚಹಾದಂಗಡಿಯಲ್ಲಿ ಯಾರಾದರೂ ದವಾಖಾನೆಯ ಮಾತು ತೆಗೆದರೆ ಸಾಕು, ಮಾಣಿಕಪ್ಪ ಬಸಿ ಕೆಳಗಿಟ್ಟು ಶುರು ಮಾಡುತ್ತಾನೆ.

"ಅಷ್ಟು ದೊಡ್ಡ ಮಶೀನ್ ಇಟ್ಕೊಂಡಾನ, ಒಳಗಿಂದೆಲ್ಲ ಕಾಣ್ತದ, ಆದ್ರ ಕಂಡದ್ದು ಹೇಳ್ಲಿಕ್ಕೆ ಬಾಯಿ ಇಲ್ಲ ಮಗನಿಗೆ! ಫಿಟ್ ಅಂದ್ರ ಫಿಟ್ ಅನ್ನು, ಸಿಕ್ ಅಂದ್ರ ಸಿಕ್ ಅನ್ನು. ನಡುವ ನಿಂತು ಅನುಮಾನ ಅಂದ್ರ, ನಮ್ಮಂಥೋರು ಏನು ಮಾಡ್ಬೇಕು?"

ಕೇಳುವವರು ತಮ್ಮ ತಮ್ಮ ಚಹಾ ಮುಗಿಸುತ್ತಾರೆ. ಒಬ್ಬಿಬ್ಬರು ಎದ್ದು ಹೋಗುತ್ತಾರೆ. ಅವನ ಸಿಟ್ಟು ವಾಡಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ಮಾಣಿಕಪ್ಪ ರೈಲಿನ ಚಕ್ರ ಬಡಿಯುವವನು. ಕಲಬುರಗಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು, ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟಿದ್ದ ಹದಿನೆಂಟರ ಮಾಣಿಕಪ್ಪ ಚಿತ್ತಾಪುರದ ಕಡೆಯ ಹಳ್ಳಿಯಿಂದ ನಡೆದು ಬಂದು ವಾಡಿ ಜಂಕ್ಷನ್ನಿನಲ್ಲಿ ಖಲಾಸಿಯಾಗಿ ಸೇರಿಕೊಂಡ. ನಾಲ್ಕು ವರ್ಷ ಎಣ್ಣೆ ಸುರಿದ, ಬೂದಿ ಎಳೆದ. ಆಮೇಲೆ ಅವನ ಕೈಗೆ ಉದ್ದ ಹಿಡಿಕೆಯ ಸುತ್ತಿಗೆ ಬಂತು. ಗಾಡಿ ಬಂದು ನಿಂತಿತೋ ಇಲ್ಲವೋ, ಹಳಿಯ ಮಗ್ಗುಲಲ್ಲಿ ಬಗ್ಗಿ ನಡೆಯುತ್ತ ಒಂದೊಂದು ಚಕ್ರಕ್ಕೆ ಒಂದೊಂದು ಏಟು. ಗಟ್ಟಿ ಇದ್ದ ಚಕ್ರ ಹಿತ್ತಾಳೆ ತಾಟಿನ ಹಾಗೆ ಗುಣುಗುತ್ತದೆ. ಬಿರುಕು ಬಿಟ್ಟದ್ದು ಮಣ್ಣಿನ ಗೋಡೆಗೆ ಬಡಿದಂತೆ ದಪ್ ಅನ್ನುತ್ತದೆ. ದಪ್ ಅಂದರೆ ಆ ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ 'ಸಿಕ್' ಎಂದು ಬರೆಯಬೇಕು. ಬರೆದರೆ ಅದನ್ನು ಬಿಚ್ಚಿ ಬೇರೆ ಹಳಿಗೆ ತಳ್ಳುತ್ತಾರೆ. ಕಿವಿಯ ಕೆಲಸ. ಮಾಣಿಕಪ್ಪನ ಕಿವಿ ಅಂಥಿಂಥದ್ದಲ್ಲ. ಶಹಾಬಾದ್ ಕಲ್ಲು ತುಂಬಿದ ನಲವತ್ತು ಡಬ್ಬಿಯ ಗಾಡಿಯಲ್ಲಿ ಹನ್ನೊಂದನೆಯ ಡಬ್ಬಿಯ ಒಳಚಕ್ರ ಕೆಟ್ಟಿದೆ ಎಂದು ಅವನು ಹೇಳಿದರೆ, ಸೂಟು ಹಾಕಿಕೊಂಡ ಸಾಹೇಬರೂ ಬಗ್ಗಿ ನೋಡುತ್ತಿದ್ದರು.

ಆದರೆ ಗುಣುಗಿಗೂ ದಪ್ಪಿಗೂ ನಡುವೆ ಮೂರನೆಯದೊಂದು ಇತ್ತು. ಒಳ್ಳೆಯದೂ ಅಲ್ಲದ, ಕೆಟ್ಟದ್ದೂ ಅಲ್ಲದ ಸದ್ದು. ಸಿಕ್ ಬರೆದರೆ ಗಾಡಿ ಒಂದು ತಾಸು ನಿಲ್ಲುತ್ತದೆ. ಗಾರ್ಡ್ ಬಯ್ಯುತ್ತಾನೆ, ಫೋನಿನಲ್ಲಿ ಸಾಹೇಬ ಬಯ್ಯುತ್ತಾನೆ, ಕೊನೆಗೆ ಚಕ್ರ ನೆಟ್ಟಗಿದ್ದರೆ ಎಲ್ಲರೂ ಕೂಡಿ ನಗುತ್ತಾರೆ. ಹೀಗಾಗಿ ಹಳೇ ಕೈಗಳು ಒಂದು ಉಪಾಯ ಮಾಡಿಕೊಂಡಿದ್ದರು. ಚಕ್ರದ ಮೇಲೆ ಸಣ್ಣದೊಂದು ಸೊನ್ನೆ ಬರೆದು ಗಾಡಿ ಬಿಡುವುದು. ಯಾವ ಪುಸ್ತಕದಲ್ಲೂ ಇಲ್ಲದ ಗುರುತು ಅದು. ಅದರ ಅರ್ಥ ಇಷ್ಟೇ: ಮುಂದಿನ ಸ್ಟೇಷನ್ನಿನವರು ನೋಡಿಕೊಳ್ಳಲಿ. ಮಾಣಿಕಪ್ಪ ಇಪ್ಪತ್ತು ವರ್ಷದಲ್ಲಿ ಅಂಥ ಸೊನ್ನೆ ಎಷ್ಟು ಬರೆದಿದ್ದನೋ ಲೆಕ್ಕವಿಲ್ಲ. ಒಂದು ಗಾಡಿಯೂ ಬಿದ್ದಿರಲಿಲ್ಲ. ಅದು ತಪ್ಪು ಎಂದು ಅವನಿಗೆ ಅನ್ನಿಸಲು ಕಾರಣವೇ ಬಂದಿರಲಿಲ್ಲ.

ಎಂಬತ್ತೊಂದರ ಬ್ಯಾಸಿಗೆಯಲ್ಲಿ ಅವನ ಹೆಂಡತಿ ಹಣಮವ್ವನ ಕಾಲು ಬಾತವು. ಆಮೇಲೆ ಮುಖ. ಅನ್ನ ಕಂಡರೆ ವಾಂತಿ. ಶಹಾಬಾದಿನಲ್ಲಿ ತೋರಿಸಿದರು, ಕಲಬುರಗಿಯಲ್ಲಿ ತೋರಿಸಿದರು. ಕಲಬುರಗಿಯವರು ಎರಡೂ ಕಿಡ್ನಿ ಹೋಗಿವೆ ಎಂದು ಹೇಳಿ, ಮದ್ರಾಸ್ ಕಡೆಯ ಒಂದು ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಮದ್ರಾಸ್ ಮೇಲ್ ವಾಡಿಯಲ್ಲೇ ನಿಲ್ಲುತ್ತದೆ, ರೈಲ್ವೆ ಪಾಸ್ ಇದೆ. ಹೋದರು. ಅಲ್ಲಿಯವರು ಹೇಳಿದ್ದು ಒಂದೇ ಮಾತು: ಒಡಹುಟ್ಟಿದವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬದುಕುತ್ತಾಳೆ.

ಹಣಮವ್ವನಿಗೆ ಒಡಹುಟ್ಟಿದವಳು ಒಬ್ಬಳೇ, ತಂಗಿ ಲಾಲಮ್ಮ. ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ ಇದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಕಂಡವರ ಹೊಲದಲ್ಲಿ ಕೂಲಿ. ಮಾಣಿಕಪ್ಪ ಕೊಡ್ಲಿಗೆ ಹೋದಾಗ ಅವಳು ತೊಗರಿ ಕಟ್ಟಿಗೆ ಹೊರೆ ಕಟ್ಟುತ್ತಿದ್ದಳು. ಮಾತು ಹೇಗೆ ತೆಗೆಯಬೇಕೆಂದು ತಿಳಿಯದೆ ಅವನು ಸಿಟ್ಟಿನಲ್ಲೇ ಹೇಳಿದ.

"ನಿಮ್ಮಕ್ಕ ಸಾಯ್ಲಿಕತ್ತಾಳ. ನಿನ್ನ ಒಂದು ಕಿಡ್ನಿ ಬೇಕಂತ. ಕೊಡ್ತಿ ಅಂದ್ರ ಕೊಡ್ತಿ ಅನ್ನು, ಇಲ್ಲಂದ್ರ ಇಲ್ಲ ಅನ್ನು."

ಲಾಲಮ್ಮ ಹೊರೆಯ ಹಗ್ಗ ಬಿಗಿದು, ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗ್ಯಾಕ ಒದರ್ತೀರಿ ಮಾವ? ನಾ ಏನು ಗಾರ್ಡ್ ಸಾಹೇಬ ಏನು? ಎಷ್ಟವ ಒಬ್ಬರಿಗೆ?"

"ಎರಡು."

"ಮತ್ತ ಒಂದು ಒಯ್ರಿ. ಒಂದು ನನಗಿರ್ಲಿ. ಎರಡೂ ಕೇಳಿದ್ರ ಮಾತ್ರ ಜಗಳಾಡ್ತೀನಿ ನೋಡ್ರಿ."

ಎಂಬತ್ತೆರಡರ ಜನವರಿಯಲ್ಲಿ ಆಪರೇಷನ್ ಆಯಿತು. ಲಾಲಮ್ಮನ ಪಕ್ಕೆ ಸೀಳಿ ತೆಗೆದು ಹಣಮವ್ವನ ಬಲಗಡೆ ಕಿಬ್ಬೊಟ್ಟೆಯಲ್ಲಿ ಇಟ್ಟರು. ಅಕ್ಕ-ತಂಗಿ ಒಂದೇ ವಾರ್ಡಿನ ಎರಡು ಮಂಚದ ಮೇಲೆ ಮಲಗಿ ಊರಿನ ಮಾತಾಡುತ್ತಿದ್ದರು. "ಏ ಲಾಲಿ, ನಿನ್ನದು ಭಾಳ ಗಡಬಡಿ ಮಾಡ್ತದವ್ವ, ತಾಸಿಗೊಮ್ಮೆ ಎಬ್ಬಸ್ತದ" ಎಂದು ಹಣಮವ್ವ. "ದುಡಿಯೋ ಮಂದೀದು ಅದು, ನಿನ್ನಂಗ ಕ್ವಾರ್ಟರ್ಸಿನಾಗ ಕುಂತು ಉಂಡದ್ದಲ್ಲ" ಎಂದು ಲಾಲಮ್ಮ. ನಕ್ಕರೆ ಇಬ್ಬರಿಗೂ ಹೊಲಿಗೆ ನೋಯುತ್ತಿತ್ತು. ಆದರೂ ನಗುತ್ತಿದ್ದರು.

ಡಾಕ್ಟರುಗಳು ಮಾಣಿಕಪ್ಪನನ್ನು ಕೂರಿಸಿಕೊಂಡು ಒಂದು ಮಾತು ತಿಳಿಸಿದರು. ಇಟ್ಟ ಕಿಡ್ನಿಯನ್ನು ಮೈ ತನ್ನದಲ್ಲವೆಂದು ಯಾವಾಗ ಬೇಕಾದರೂ ತಳ್ಳಬಹುದು. ತಳ್ಳಲು ಶುರು ಮಾಡಿದ್ದು ಹೊರಗೆ ತಡವಾಗಿ ಗೊತ್ತಾಗುತ್ತದೆ. ಚಿತ್ರದಲ್ಲಿ ಮೊದಲೇ ಗೊತ್ತಾಗುತ್ತದೆ. ಮೊದಲೇ ಹಿಡಿದರೆ ಔಷಧಿ ಹಾಕಿ ತಡೆಯಬಹುದು. ಅದಕ್ಕೇ ತಿಂಗಳಿಗೊಮ್ಮೆ ಬರಬೇಕು, ಚಿತ್ರ ತೆಗೆಸಬೇಕು. ಹಣಮವ್ವನ ಜೀವ ಇನ್ನು ಆ ಚಿತ್ರದ ಮೇಲೆ ನಿಂತಿದೆ.

ಈ ಮಾತನ್ನೆಲ್ಲ ಅವನಿಗೆ ದಾಟಿಸಿದವಳು ಲತೀಫಾ. ಚಿತ್ರ ತೆಗೆಯುವ ಕೋಣೆಯ ಆಯಾ. ಅಲ್ಲಿ ಸುತ್ತಲೂ ತಮಿಳು. ಲತೀಫಾಳ ದಖನಿ ಉರ್ದು ಒಂದೇ ಅವನ ಕಿವಿಗೆ ಊರಿನ ಸದ್ದಾಗಿ ಕೇಳುತ್ತಿತ್ತು. ಐವತ್ತರ ಹೆಂಗಸು, ಎಲೆ ಅಡಿಕೆ ಜಗಿಯುತ್ತ, ಡಾಕ್ಟರರ ಹಿಂದೆ ಅವರಿಗಿಂತ ಜಾಸ್ತಿ ತಿಳಿದವಳ ಹಾಗೆ ನಿಲ್ಲುವವಳು.

ಮೊದಲ ಸಲ ಒಳಗೆ ಬಿಟ್ಟಾಗ ಮಾಣಿಕಪ್ಪ ಬೆರಗಾದ. ಹಣಮವ್ವನ ಕೈಗೆ ಒಂದು ಸೂಜಿ ಚುಚ್ಚಿದರು. ಆ ಔಷಧಿಯಲ್ಲಿ ಕಣ್ಣಿಗೆ ಕಾಣದ ಕಿರಣ ಇರುತ್ತದಂತೆ. ದೊಡ್ಡ ಹಲಗೆಯಂಥ ಕ್ಯಾಮೆರಾ ಅವಳ ಹೊಟ್ಟೆಯ ಮೇಲೆ ಬಂದು ನಿಂತಿತು. ಪಕ್ಕದ ಗಾಜಿನಲ್ಲಿ ಚುಕ್ಕಿ ಚುಕ್ಕಿಯಾಗಿ ಲಾಲಮ್ಮನ ಕಿಡ್ನಿ ಮೂಡಿತು. ಮಶೀನು ಒಂದು ಗೆರೆ ಬರೆಯಿತು, ಗುಡ್ಡದ ಹಾಗೆ ಏರಿ ಇಳಿಯುವ ಗೆರೆ.

"ಔಷಧಿ ಒಳಗ ಹೋದ್ರ ಗೆರೆ ಏರ್ತದ, ಉಚ್ಚಿಯಾಗಿ ಹೊರಗ ಬಿಟ್ರ ಇಳೀತದ" ಎಂದು ಲತೀಫಾ ವಿವರಿಸಿದಳು. "ಏರಿ ಇಳಿದ್ರ ಗುರದಾ, ಅದೇ ಕಿಡ್ನಿ, ದುಡೀಲಿಕತ್ತದ ಅಂತ."

ಎರಡನೆಯ ಮಶೀನು ಇನ್ನೂ ಹೊಸದು. ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಒಂದು ಹಿಡಿಕೆ ಆಡಿಸಿದರೆ ಬೂದು ಬಣ್ಣದ ಚಿತ್ರ. ಇದು ಹೇಗೆ ಕಾಣುತ್ತದೆ ಎಂದು ಕೇಳಿದ. ಒಳಗೆ ಸದ್ದು ಕಳಿಸುತ್ತಾರೆ, ತಿರುಗಿ ಬರುವ ಸದ್ದು ಹಿಡಿದು ಚಿತ್ರ ಮಾಡುತ್ತಾರೆ, ಅಂದಳು ಲತೀಫಾ.

ಮಾಣಿಕಪ್ಪ ತೊಡೆ ತಟ್ಟಿಕೊಂಡ. "ಅಂದ್ರ ಬಡಿದು ಕೇಳೋದು! ನಮ್ಮ ಕೆಲಸನ ಅಲ್ಲೇನು ಇದು?"

"ನಿಮ್ಮದು ಸುತ್ತಿಗಿ ಭಾಯಿ. ಇದಕ್ಕ ಡಾಕ್ಟರಕಿ ಓದಿರಬೇಕು."

"ಓದಿದ್ರೇನು, ಕಿವಿ ಬೇಕಲ್ಲ?"

ವಾಡಿಗೆ ಬಂದು ಅವನು ಖಲಾಸಿಗಳನ್ನೆಲ್ಲ ಕೂಡಿಸಿ ಈ ಕಥೆ ಹೇಳಿದ್ದೇ ಹೇಳಿದ್ದು. ಫೆಬ್ರುವರಿ, ಮಾರ್ಚ್, ಏಪ್ರಿಲ್, ಮೂರು ಸಲ ಹೋದರು. ಮೂರು ಸಲವೂ ಗೆರೆ ಏರಿತು, ಇಳಿಯಿತು. ಹಣಮವ್ವ ರೊಟ್ಟಿ ಬಡಿಯುವಷ್ಟಾದಳು. ಗುಳಿಗೆಗಳಿಂದ ಕೆನ್ನೆ ತುಂಬಿ ಬಂದವು. ನೆರೆಮನೆಯ ರತ್ನಾಬಾಯಿ, "ಏನವ್ವ, ಮದುವಿ ಹುಡುಗಿ ಆಗಿಯಲ್ಲ!" ಎಂದು ಕಾಡುತ್ತಿದ್ದಳು.

ಮೇ ತಿಂಗಳ ಸರದಿ ಬಂದಾಗ ಒಂದು ಸೋಮವಾರ ಚಿತ್ರ ತೆಗೆದರು. ಹಣಮವ್ವ ಇನ್ನೂ ಒಳಗೆ, ಎರಡು ಬಾಗಿಲಿನ ಆಚೆ, ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಕನ್ನಡಕದ ಡಾಕ್ಟರ್ ಹೊರಗೆ ಬಂದು ಹಾಳೆ ಬೆಳಕಿಗೆ ಹಿಡಿದ, ಮತ್ತೆ ಹಿಡಿದ, ಲತೀಫಾಳಿಗೆ ತಮಿಳಿನಲ್ಲಿ ಏನೇನೋ ಹೇಳಿದ. ಅವಳು ಎಲೆಯನ್ನು ಒಂದು ದವಡೆಗೆ ಸರಿಸಿ ಮಾಣಿಕಪ್ಪನ ಕಡೆ ತಿರುಗಿದಳು.

"ಶಕ್ ಹೈ ಬೋಲ್ತೆ ಭಾಯಿ, ಅನುಮಾನ ಅದ ಅಂತ. ಗೆರೆ ತಡವಾಗಿ ಏರ್ಯಾದ, ಪೂರಾ ಇಳಿದಿಲ್ಲ. ಸದ್ದಿನ ಚಿತ್ರದಾಗ ಗುರದಾ ತುಸು ದಪ್ಪ ಕಾಣ್ತದ. ಮೈ ತಳ್ಳಲಿಕ್ಕೆ ಶುರು ಮಾಡಿರಬಹುದು. ಇಲ್ಲ, ಬ್ಯಾರೆ ಏನರ ಇರಬಹುದು. ಚಿತ್ರದಾಗ ಖಾತ್ರಿ ಇಲ್ಲ. ಇಲ್ಲೇ ಇರ್ರಿ, ಮೂರು ದಿನ ಔಷಧಿ ಹಾಕ್ತಾರ, ಗುರುವಾರ ಮತ್ತ ಚಿತ್ರ ತೆಗೀತಾರ. ಇಲ್ಲಂದ್ರ ಸೂಜಿ ಹಾಕಿ ಗುರದಾದ ಒಂದು ಚೂರು ತೆಗೆದು ನೋಡ್ತಾರಂತ."

"ತಳ್ಳಾಕತ್ತದೋ ಇಲ್ಲೋ? ಅಷ್ಟು ಕೇಳು."

ಲತೀಫಾ ಕೇಳಿದಳು. ಡಾಕ್ಟರ್ ತಲೆ ಅಲ್ಲಾಡಿಸಿದ.

"ಹೇಳ್ಲಿಕ್ಕೆ ಬರಂಗಿಲ್ಲ ಅಂತಾರ."

"ಹೇಳ್ಲಿಕ್ಕೆ ಬರಂಗಿಲ್ಲ ಅಂದ್ರ ನೀ ಯಾಕ ಇಲ್ಲಿ ನಿಂತೀಯಪ್ಪ?" ಮಾಣಿಕಪ್ಪನ ದನಿಗೆ ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಸೂಜಿ ಹಾಕ್ತಾನಂತ ಸೂಜಿ! ಆ ಹುಡುಗಿ ಪಕ್ಕಿ ಸೀಳಿಸಿಕೊಂಡು ಕೊಟ್ಟದ್ದು, ಅದರಾಗಿಂದ ಚೂರು ತೆಗೀತಾನಂತ! ಓಡೋ ಚಕ್ರ ಒಡೆದು ನೋಡೋರು ಯಾರರ ಅದಾರೇನು?"

ಕನ್ನಡ ತಿಳಿಯದ ಡಾಕ್ಟರ್ ಗಡಿಯಾರ ನೋಡಿಕೊಂಡು ಒಳಗೆ ಹೋದ. ಆ ಗಡಿಯಾರ ನೋಡಿದ್ದು ಮಾಣಿಕಪ್ಪನಿಗೆ ಇನ್ನಷ್ಟು ಉರಿಯಿತು.

"ಭಾಯಿ, ನನ್ನ ಮಾತು ಕೇಳ್ರಿ" ಎಂದಳು ಲತೀಫಾ ಮೆಲ್ಲಗೆ. "ಹದಿನಾಲ್ಕು ವರ್ಷ ಆತು ನಾ ಈ ಕೋಣ್ಯಾಗ. ಗುರುವಾರತನಕ ಇರ್ರಿ. ಮೂರೇ ದಿನ."

ಮೂರೇ ದಿನ. ಆದರೆ ರಜೆ ಮಂಗಳವಾರಕ್ಕೆ ಮುಗಿಯುತ್ತಿತ್ತು. ಇನ್ನೊಮ್ಮೆ ತಡವಾದರೆ ಸುತ್ತಿಗೆ ಬೇರೆಯವರ ಕೈಗೆ ಹೋಗುತ್ತದೆಂದು ಸಾಹೇಬ ಎಚ್ಚರಿಸಿದ್ದ. ಅದೊಂದೇ ಕಾರಣ ಆಗಿದ್ದರೆ ಮಾಣಿಕಪ್ಪ ಸಾಹೇಬನಿಗೆ ಎರಡು ಬೈದು ನಿಂತುಬಿಡುತ್ತಿದ್ದ. ಒಳಗಿನ ಮಾತು ಬೇರೆ. ಅವನಿಗೆ ಹೆದರಿಕೆಯಾಗಿತ್ತು. ಹೆದರಿಕೆಯಾದಾಗ ಅವನಿಗೆ ಬರುತ್ತಿದ್ದದ್ದು ಸಿಟ್ಟು ಒಂದೇ. ಬೇರೆ ಯಾವುದನ್ನೂ ಅವನು ಕಲಿತಿರಲಿಲ್ಲ.

ಹಣಮವ್ವ ಹೊರಗೆ ಬಂದು ಗೋಡೆಗೊರಗಿ ಕುಳಿತಳು. ಮಾಣಿಕಪ್ಪ ಪಕ್ಕದಲ್ಲಿ ಕುಳಿತು, ಆಚೀಚೆ ನೋಡಿ, ಸೀರೆಯ ಮೇಲಿಂದಲೇ ಅವಳ ಬಲಗಡೆ ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟ. ಎರಡು ಬೆರಳಿನಿಂದ ಮೆಲ್ಲಗೆ ಬಡಿದ. ತಲೆ ಬಗ್ಗಿಸಿ ಕಿವಿಗೊಟ್ಟ.

"ಏ, ಏನು ಮಾಡ್ತೀರಿ? ಮಂದಿ ನೋಡ್ತಾರ!" ಹಣಮವ್ವ ನಾಚಿ ಕೈ ಸರಿಸಿದಳು.

"ನೋಯ್ತದೇನು?"

"ಇಲ್ಲ. ತುಸು ಬಿಗಿ ಅದ."

ಬೆರಳಿಗೆ ಗಟ್ಟಿಯಾಗಿ ಹತ್ತಿತ್ತು. ಕಳೆದ ತಿಂಗಳಿಗಿಂತ ಗಟ್ಟಿ. ಗಟ್ಟಿ ಇದ್ದದ್ದು ಒಳ್ಳೆಯದು. ಕಬ್ಬಿಣದಲ್ಲಿ ಇಪ್ಪತ್ತು ವರ್ಷ ಅವನು ಕಲಿತದ್ದು ಅದೇ. ಕಿಡ್ನಿ ಬಾತಾಗ ಗಟ್ಟಿಯಾಗುತ್ತದೆ ಎಂದು ಅವನಿಗೆ ಹೇಳುವವರು ಆ ಗೋಡೆಯ ಆಚೆಗೆ ಇದ್ದರು. ಅವನು ಎದ್ದು ಹೋಗಿ ಕೇಳಲಿಲ್ಲ.

"ಏನಂದ್ರು ಡಾಕ್ಟರ್?" ಎಂದಳು ಹಣಮವ್ವ.

"ಮುಂದಿನ ತಿಂಗಳ ಬರ್ರಿ ಅಂದ್ರು."

"ಎಲ್ಲ ಛಲೋ ಅದ ಅಂತಾ?"

"ಛಲೋ ಅದ. ಏಳು, ಮೇಲ್ ಸಿಗ್ತದ."

ಮುಂದಿನ ತಿಂಗಳು ನೋಡುವವರು ನೋಡುತ್ತಾರೆ. ಅಲ್ಲಿತನಕ ಓಡಲಿ. ಹೊಣೆ ನಮ್ಮದೇ ಎಂದು ಬರೆದಿದ್ದ ಕಾಗದದ ಮೇಲೆ ಅವನು ಎಲ್ಲಕ್ಕೂ ಮಾಡುವಂತೆ ವಕ್ರವಾಗಿ ಸಹಿ ಮಾಡಿದ. ಲತೀಫಾ ಬಾಗಿಲತನಕ ಬಂದಳು. ಹಣಮವ್ವ ಎದುರಿಗಿದ್ದದ್ದಕ್ಕೆ ಅವನ ಮುಖವನ್ನಷ್ಟೇ ನೋಡಿ ಒಳಗೆ ಹೋದಳು. ಗಾಡಿಯಲ್ಲಿ ಹಣಮವ್ವ ಕಿಟಕಿಗೆ ಕುಳಿತು, ಗುಂತಕಲ್ಲಿನಲ್ಲಿ ಮಾವಿನಹಣ್ಣು ಕೊಂಡು, ಈ ಸಲ ಲಾಲಿಯನ್ನು ಹದಿನೈದು ದಿನ ಕರೆಸಿ ಇಟ್ಟುಕೊಳ್ಳೋಣ ಎನ್ನುತ್ತಲೇ ಇದ್ದಳು. ಮಾಣಿಕಪ್ಪ ಹೂಂ ಅನ್ನುತ್ತಿದ್ದ.

ಹನ್ನೊಂದನೆಯ ದಿನ ಜ್ವರ ಬಂತು. ಉಚ್ಚೆ ಅರ್ಧಕ್ಕಿಳಿಯಿತು, ಮರುದಿನ ಹನಿ ಹನಿ. ಕಿಬ್ಬೊಟ್ಟೆ ಮುಟ್ಟಿಸಿಕೊಳ್ಳಲಾರದಷ್ಟು ನೋವು. ಮಾಣಿಕಪ್ಪ ಸಾಹೇಬನಿಗೆ ಹೇಳದೆ ಕೇಳದೆ, ಸುತ್ತಿಗೆಯನ್ನು ಗೋಡೆಗೆ ಆನಿಸಿ, ಹೆಂಡತಿಯನ್ನು ಎತ್ತಿಕೊಂಡು ಮೇಲ್ ಹತ್ತಿದ.

ಅದೇ ಕೋಣೆ, ಅದೇ ಹಲಗೆ. ಕನ್ನಡಕದವನು ಇರಲಿಲ್ಲ, ಬೇರೆ ಡಾಕ್ಟರ್ ಇದ್ದ. ಗಾಜಿನಲ್ಲಿ ಈ ಸಲ ಚುಕ್ಕಿಗಳು ಕಿಡ್ನಿಯ ಜಾಗವೊಂದನ್ನು ಬಿಟ್ಟು ಸುತ್ತಲೂ ಮೂಡಿದವು. ನಡುವೆ ಕಪ್ಪು. ಗೆರೆ ಏರಲೇ ಇಲ್ಲ; ಹಾಳೆಯ ತಳದಲ್ಲೇ ಹೊಲದ ಬದುವಿನ ಹಾಗೆ ಮಲಗಿತ್ತು. ಯಾರೂ ವಿವರಿಸಬೇಕಾಗಿರಲಿಲ್ಲ. ಮಾಣಿಕಪ್ಪನಿಗೆ ಆ ಗೆರೆ ಓದಲು ಬರುತ್ತಿತ್ತು.

"ಲತೀಫಾಬಾಯಿ" ಅಂದ.

ಅವಳು ಹಣಮವ್ವನ ಹೊಟ್ಟೆಯ ಮೇಲಿನ ಅಂಟನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು.

ಔಷಧಿ ಹಾಕಿದರು. ತಡವಾಗಿತ್ತು. ಜೂನ್ ಮೊದಲ ವಾರದಲ್ಲಿ ಆ ಕಿಡ್ನಿಯನ್ನು ತೆಗೆದುಬಿಟ್ಟರು. ರಕ್ತ ತೊಳೆಯುವ ಮಶೀನಿಗೆ ಜನ ಸಾಲುಗಟ್ಟಿದ್ದರು; ನಾಲ್ಕು ಸಲ ಸರದಿ ಸಿಕ್ಕಿತು, ಐದನೆಯದು ಸಿಗಲಿಲ್ಲ. ಕೊಡಲು ಇನ್ನೊಬ್ಬ ಒಡಹುಟ್ಟಿದವಳು ಇರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದರು. ಹಣಮವ್ವ ವಾಡಿಯ ಕ್ವಾರ್ಟರ್ಸಿನಲ್ಲಿ, ಒಂದು ಮಧ್ಯಾಹ್ನ, ರತ್ನಾಬಾಯಿ ಕೊಟ್ಟ ಒಂದು ಗುಟುಕು ನೀರನ್ನೂ ನುಂಗಲಾರದೆ ತೀರಿಕೊಂಡಳು. ಛಲೋ ಅದ ಎಂದು ಗಂಡ ಹೇಳಿದ್ದನ್ನು ಅವಳು ಕೊನೆಯತನಕ ನಂಬಿದ್ದಳು. "ಮೇದಾಗ ಛಲೋ ಇತ್ತಲ್ಲ, ಒಮ್ಮಿಗೇ ಏನಾತು?" ಎಂದು ಅವನನ್ನೇ ಕೇಳುತ್ತಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ, ಬಂದವರೆಲ್ಲ ಹೋದ ಮೇಲೆ, ಲಾಲಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಎಡಗೈ ಪಕ್ಕೆಯ ಮೇಲಿತ್ತು; ಆಪರೇಷನ್ ಆದಾಗಿನಿಂದ ಅದೊಂದು ರೂಢಿಯಾಗಿತ್ತು ಅವಳಿಗೆ.

"ಮಾವ, ಒಂದು ಕೇಳ್ತೀನಿ. ಮೇ ತಿಂಗಳದಾಗ ಫೋಟೋ ತೆಗೆದ್ರಲ್ಲ, ಅದರಾಗ ಏನು ಬಂದಿತ್ತು? ಅದರಾಗ ಕಾಣ್ಲಿಲ್ಲೇನು?"

"ಏನು ಕೇಳ್ತಿ ನೀ?" ಮಾಣಿಕಪ್ಪ ಎದ್ದು ನಿಂತ. "ನಾ ಕೊಂದೆ ಅಂತ ಕೇಳಾಕತ್ತೀಯಾ? ಹೊತ್ಕೊಂಡು ತಿರುಗಿದವ ನಾನು! ನೌಕರಿ ಬಿಟ್ಟು ಓಡಿದವ ನಾನು! ನಿನ್ನ ಬಾಯಾಗ ಇಂಥಾ ಮಾತು ಬರ್ಬೇಕೇನು?"

ಲಾಲಮ್ಮ ಹೆದರಲಿಲ್ಲ, ಅಳಲೂ ಇಲ್ಲ. "ಕೊಂದ್ರಿ ಅಂತ ಯಾರಂದ್ರು ಮಾವ? ಕೇಳಿದೆ ಅಷ್ಟೇ. ನಂದೂ ಒಂದು ಅಲ್ಲಿ ಇತ್ತಲ್ಲ, ಅದಕ್ಕ."

ಅಂದೇ ಕೊಡ್ಲಿಗೆ ಹೋಗುವ ಸುಲೇಪೇಟದ ಬಸ್ಸು ಹಿಡಿದು ಹೋದಳು.

ಒಂದೂವರೆ ವರ್ಷ ಬಿಟ್ಟು ಮಾಣಿಕಪ್ಪ ಕೊಡ್ಲಿಗೆ ಹೋದ. ಹೇಳಿಬಿಡಬೇಕೆಂದೇ ಹೋದ. ಬಸ್ಸಿನಲ್ಲಿ ಮಾತನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡಿದ್ದ: ಮೂರು ದಿನ ಇರ್ರಿ ಅಂದಿದ್ರು, ನಾ ಇರಲಿಲ್ಲ. ಇಷ್ಟೇ ಮಾತು. ಲಾಲಮ್ಮ ಅಂಗಳದಲ್ಲಿ ಕಾಲು ಚಾಚಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಹೊರೆ ಹೊರುವುದು ಈಗ ಆಗುವುದಿಲ್ಲ. ಕುಳಿತು ಮಾಡುವ ಕೆಲಸಕ್ಕೆ ಅರ್ಧ ಕೂಲಿ. ಅವನನ್ನು ಕಂಡು ಕಂಬಳಿ ಹಾಸಿದಳು. "ಬರ್ರಿ ಮಾವ, ಕುಂದ್ರಿ. ಸೊರಗೀರಲ್ಲ, ಯಾರು ಮಾಡಿ ಹಾಕ್ತಾರ?" ಅಂದು ಚಹಾಕ್ಕೆ ಇಟ್ಟಳು.

ಅವನು ವಾಡಿಗೆ ಹೊಸ ಇಂಜಿನ್ ಬಂದದ್ದು ಹೇಳಿದ. ಸೇಡಂ ಕಡೆ ಮಳೆಯಾದದ್ದು ಹೇಳಿದ. ರತ್ನಾಬಾಯಿಯ ಮಗಳ ಮದುವೆಯ ಸುದ್ದಿ ಹೇಳಿದ. ಚಹಾ ಆರಿತು. ಲಾಲಮ್ಮ ಮೊರ ಕೆಳಗಿಟ್ಟು, ಕೇಳಿಯೂ ಕೇಳದ ಹಾಗೆ, "ಮಾವ, ಅವತ್ತು ನಾ ಒಂದು ಮಾತು ಕೇಳಿದ್ದೆ" ಅಂದಳು.

ಮಾಣಿಕಪ್ಪ ಬಸಿ ಕೆಳಗಿಟ್ಟು ಎದ್ದ. ಈ ಸಲ ಸಿಟ್ಟೂ ಬರಲಿಲ್ಲ.

"ಬಸ್ ಹೊತ್ತಾತು" ಅಂದ.

"ಆಗ್ಲಿ, ಹೋಗಿ ಬರ್ರಿ." ಅವಳು ಮೊರ ಎತ್ತಿಕೊಂಡಳು. "ನಾ ಎಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಿ."

ಆಮೇಲೆ ಅವನು ಕೊಡ್ಲಿಗೆ ಹೋಗಿಲ್ಲ. ಸುಲೇಪೇಟದ ಬಸ್ಸು ದಿನಾ ಅವನ ಕಣ್ಣೆದುರೇ ಬಂದು ನಿಂತು ಹೋಗುತ್ತದೆ. ಲಾಲಮ್ಮ ಅಲ್ಲೇ ಇದ್ದಾಳೆ, ಒಂದೇ ಕಿಡ್ನಿಯ ಮೇಲೆ ಬದುಕಿದ್ದಾಳೆ. ಮೂರನೆಯ ಸಲ ಕೇಳಿ ಕಳಿಸಿಲ್ಲ. ಅವಳಿಗೆ ಕೊಡಬೇಕಾದ ಆ ಒಂದು ಉತ್ತರವನ್ನು ಮಾಣಿಕಪ್ಪ ಇನ್ನೂ ಕೊಟ್ಟಿಲ್ಲ.